ಗೆದ್ದಲು ತೆರೆದ ದಾರಿಯಲ್ಲಿ ನೀರು

ಮಳೆ ಬಿದ್ದರೂ ನೆನೆಯದ ನೆಲವೊಂದಿದೆ. ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೋ ದೇಶದ ಬಡಗಣ ಸೀಮೆ ಯಾಟೆಂಗಾದಲ್ಲಿ, ಸಹಾರಾದ ಕಡೆಯಿಂದ ಬೀಸುವ ಹರ್ಮಟ್ಟನ್ ಗಾಳಿ ತಿಂಗಳುಗಟ್ಟಲೆ ಧೂಳು ತೂರಿ ತೂರಿ ಆಕಾಶವನ್ನೇ ಮಸಕು ಮಾಡಿದ ಮೇಲೆ, ಒಂದು ಸಂಜೆ ಮೋಡ ಕವಿದು ದಪ್ಪ ಹನಿಗಳು ನೆಲಕ್ಕೆ ಅಪ್ಪಳಿಸುತ್ತವೆ. ಆದರೆ ಆ ನೆಲ ಬಾಯಿ ತೆರೆಯುವುದಿಲ್ಲ. ಹಿಂದಿನ ಮಳೆಗಳ ಹನಿಗಳೇ ಬಡಿದು ಬಡಿದು, ಮಣ್ಣಿನ ಸಣ್ಣ ಕಣಗಳನ್ನು ಒಂದಕ್ಕೊಂದು ಒತ್ತಿ ಮೆತ್ತಿ, ಬೆರಳ ಉಗುರಿನಷ್ಟು ತೆಳುವಾದ ಹಕ್ಕಳೆಯೊಂದನ್ನು ಕಟ್ಟಿಬಿಟ್ಟಿರುತ್ತವೆ. ನೀರು ಆ ಹಕ್ಕಳೆಯ ಮೇಲೆ ಕ್ಷಣಕಾಲ ಮಿನುಗಿ, ಕೆಂಪಾಗಿ ಹರಿದು ಹೋಗುತ್ತದೆ, ಉಳಿದಿದ್ದ ಮಣ್ಣನ್ನೂ ಜೊತೆಗೆ ಕರೆದುಕೊಂಡು. ಅಲ್ಲಿನ ಮೋಸ್ಸಿ ರೈತರು ಇಂಥ ಬೋಳು ನೆಲಕ್ಕೆ ಜಿಪೆಲ್ಲೆ ಎನ್ನುತ್ತಾರೆ. ನೆಲವನ್ನು ಕೆಡಿಸಿದ್ದು ಮಳೆಯಿಲ್ಲದಿರುವುದಷ್ಟೇ ಅಲ್ಲ, ಮಳೆಯೂ ಹೌದು ಎಂಬುದನ್ನು ಎಷ್ಟು ಸಲ ನೆನೆದರೂ ನನಗೆ ಅಚ್ಚರಿ ತೀರುವುದಿಲ್ಲ.

1970ರ ದಶಕದ ಬರಗಳಲ್ಲಿ ಹಳ್ಳಿಗಳು ಖಾಲಿಯಾಗುತ್ತಿದ್ದಾಗ, ಗೌರ್ಗಾ ಎಂಬ ಊರಿನ ಯಾಕೂಬಾ ಸವಡೋಗೊ ಪೇಟೆಯ ವ್ಯಾಪಾರ ಬಿಟ್ಟು ಮಣ್ಣಿಗೆ ಮರಳಿದರು. ಅವರು ಹಿರಿಯರ ಕಾಲದ ಜಾಯ್ ಎಂಬ ಗುಣಿಗಳನ್ನೇ ಕೈಗೆತ್ತಿಕೊಂಡರು, ಅವನ್ನು ಅಗಲಿಸಿದರು, ಆಳವಾಗಿಸಿದರು, ಬುಡಕ್ಕೆ ಒಂದೊಂದು ಹಿಡಿ ಗೊಬ್ಬರ ಹಾಕಿದರು. ಹೊಸತೇನೂ ಇಲ್ಲವೆನ್ನುವಷ್ಟು ಸಣ್ಣ ಬದಲಾವಣೆ. ಆದರೆ ಎಲ್ಲರೂ ಮೊದಲ ಮಳೆಗೆ ಕಾಯುವಾಗ ಅವರು ಬಿರುಬೇಸಿಗೆಯಲ್ಲೇ, ಕಲ್ಲಿನಂತೆ ಸೆಟೆದ ನೆಲದಲ್ಲಿ, ಒಂದಾದ ಮೇಲೊಂದು ಗುಣಿ ತೋಡುತ್ತ ಹೋದರು. ಮೊಣಕೈಯಿಂದ ಮಣಿಕಟ್ಟಿನವರೆಗಿನ ಅಗಲ, ಗೇಣುದ್ದದ ಆಳ. ಹೆಕ್ಟೇರಿಗೆ ಹತ್ತು ಸಾವಿರಕ್ಕೂ ಮೀರಿದ ಗುಣಿಗಳು. ಊರವರು ಹುಚ್ಚನೆಂದರು. ಅವರೋ ಗುದ್ದಲಿ ಎತ್ತುತ್ತ, ಇಳಿಸುತ್ತ ಇದ್ದುಬಿಟ್ಟರು.

ಆ ಬೇಸಿಗೆಯ ಗುಣಿಗಳಲ್ಲಿ ನಡೆಯುವುದನ್ನು ನೋಡಲು ಮೊಣಕಾಲೂರಿ ಕೂರಬೇಕು. ಗಾಳಿ ಹೊತ್ತು ತಂದ ಒಣಗಿದ ಎಲೆ, ಹುಲ್ಲಿನ ಚೂರು, ಯಾವುದೋ ದೂರದ ಹೊಲದ ನುಣುಪು ಧೂಳು, ಎಲ್ಲ ಮೆಲ್ಲಗೆ ಬಂದು ಅಲ್ಲಿ ತಂಗುತ್ತವೆ. ಗೊಬ್ಬರದ ವಾಸನೆ ನೆಲದೊಳಗೆ ಇಳಿಯುತ್ತದೆ. ಆಮೇಲೆ, ಯಾರೂ ಕರೆಯದೆ, ಕತ್ತಲಿನಿಂದ ಕತ್ತಲಿಗೆ ನಡೆಯುವ ಕುರುಡು ಗೆದ್ದಲುಗಳು ಬರುತ್ತವೆ. ಅವು ಬಂದದ್ದು ತಮ್ಮ ಹೊಟ್ಟೆಗಾಗಿ. ಆದರೆ ತಿನ್ನುತ್ತ, ಎಂಜಲಿನಲ್ಲಿ ಮಣ್ಣು ಕಲಸುತ್ತ, ಒಳಗೊಳಗೇ ಸುರಂಗ ಕೊರೆಯುತ್ತ, ಗುದ್ದಲಿ ಮುಟ್ಟಲಾರದ ಆಳದವರೆಗೆ ದಾರಿ ಬಿಡಿಸುತ್ತವೆ. ಮೊದಲ ಮಳೆ ಸುರಿದಾಗ ನೀರು ಆ ಕಗ್ಗತ್ತಲ ಓಣಿಗಳಲ್ಲಿ ಇಳಿದು, ಹಾದಿಯುದ್ದಕ್ಕೂ ಇಂಗಿ, ಜೋಳ ಸಜ್ಜೆಗಳ ಎಳೆಬೇರಿಗಾಗಿ ಕಾದಿರುತ್ತದೆ. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆ ಎಂದು ನಮ್ಮಲ್ಲಿ ಸ್ವಲ್ಪ ಬೇಸರದಿಂದಲೇ ಹೇಳುತ್ತೇವೆ. ಯಾಟೆಂಗಾದಲ್ಲಿ ಗೆದ್ದಲು ಕಟ್ಟಿದ್ದು ನೀರಿಗೆ ಮನೆಯಾಯಿತು. ಹುತ್ತಕ್ಕೆ ಹಾಲೆರೆದು ಕೈ ಮುಗಿಯುವ ನಾಡಿನವನಾದ ನನಗೆ ಇದನ್ನು ಓದಿದಾಗ ಏಕೋ ಚಪ್ಪಲಿ ಬಿಟ್ಟು ನಿಲ್ಲಬೇಕೆನಿಸಿತು.

ಸಂಶೋಧನೆ ಅಲ್ಲಿಗೆ ಬಂದದ್ದು ತಡವಾಗಿ, ಬಂದರೂ ಒಂದು ವಿಚಿತ್ರ ಪ್ರಶ್ನೆ ಹಿಡಿದು. 1990ರ ದಶಕದಲ್ಲಿ ಅಬ್ದುಲಾಯೆ ಮಾಂಡೋ ಎಂಬ ವಿಜ್ಞಾನಿ ಬುರ್ಕಿನಾದ ಹಕ್ಕಳೆಗಟ್ಟಿದ ನೆಲದಲ್ಲಿ ತಾಕುಗಳನ್ನು ಮಾಡಿ, ಒಣಹುಲ್ಲು ಕಡ್ಡಿ ಹೊದಿಸಿ, ಕೆಲವಕ್ಕೆ ಗೆದ್ದಲು ಬರಲು ಬಿಟ್ಟರು, ಕೆಲವಕ್ಕೆ ಡೈಎಲ್ಡ್ರಿನ್ ವಿಷ ಹಾಕಿ ಅವು ಸುಳಿಯದಂತೆ ತಡೆದರು. ಹೊದಿಕೆ ಎರಡೂ ಕಡೆ ಒಂದೇ, ಮಳೆ ಒಂದೇ, ಆಕಾಶ ಒಂದೇ. ಗೆದ್ದಲಿದ್ದ ಕಡೆ ಮಣ್ಣು ಸಡಿಲಗೊಂಡು ನೀರು ಕುಡಿಯಿತು, ಹಸಿರು ಮೇಲೆದ್ದಿತು. ಇಲ್ಲದ ಕಡೆ ಅಷ್ಟೇ ಹೊದಿಕೆ ಹೊದ್ದೂ ನೆಲ ಸೊರಗಿಯೇ ಇತ್ತು. ಒಂದು ಜೀವ ಮಾಡುತ್ತಿದ್ದ ಕೆಲಸವೆಷ್ಟೆಂದು ತಿಳಿಯಲು ಅದನ್ನು ಅಲ್ಲಿಂದ ದೂರವಿಡಬೇಕಾಯಿತು. ರೈತನ ಕೈಗೆ ಗೊತ್ತಿದ್ದದ್ದನ್ನು ಅಳೆದು ತೋರಿಸಿದ ಈ ಪ್ರಯೋಗ, ನನ್ನ ಪಾಲಿಗೆ, ಎಷ್ಟೋ ಅಣೆಕಟ್ಟುಗಳ ನಕ್ಷೆಗಿಂತ ದೊಡ್ಡದು.

ಗೊಬ್ಬರದೊಳಗೆ ಇನ್ನೊಂದು ಗುಟ್ಟಿತ್ತು. ದನ ಆಡುಗಳು ತಿಂದು ಜೀರ್ಣಿಸಲಾರದ ಮರಗಳ ಬೀಜಗಳು ಅದರಲ್ಲಿ ಅಡಗಿ ಬಂದು, ಜೋಳದ ಪಕ್ಕದಲ್ಲೇ ಮೊಳೆತವು. ಯಾಕೂಬಾ ಅವನ್ನು ಕೀಳಲಿಲ್ಲ, ತಾವೂ ಬೀಜ ತಂದು ಬಿತ್ತಿದರು, ವರ್ಷಗಳು ಸರಿದಂತೆ ಹೊಲದ ನೆರಳು ದಟ್ಟವಾಗುತ್ತ ಹೋಗಿ, ಸುಮಾರು 40 ಹೆಕ್ಟೇರಿನ ಕಾಡು ನಿಂತಿತು. ಅರವತ್ತಕ್ಕೂ ಹೆಚ್ಚು ಜಾತಿಯ ಮರ ಪೊದೆಗಳು, ಮದ್ದಿನ ಬೇರುಗಳು, ಹಕ್ಕಿಗಳು. ಒಮ್ಮೆ ಯಾರೋ ಅದಕ್ಕೆ ಬೆಂಕಿ ಹಚ್ಚಿದ್ದರು. ಯಾಕೂಬಾ ಮತ್ತೆ ನೆಟ್ಟರು.

1989ರಲ್ಲಿ ನೆರೆಯ ನೈಜರ್ ದೇಶದ ಇಲ್ಲೆಲಾ ಸೀಮೆಯ 13 ಮಂದಿ ರೈತರು ಯಾಟೆಂಗಾಕ್ಕೆ ಬಂದು ನೋಡಿ ಹೋದರು. ಊರಿಗೆ ಮರಳಿ ಕೆಲವರು ಗುಣಿ ತೋಡಿದರು. ಮರುವರ್ಷ ಬರ ಬಿದ್ದಾಗ ಆ ಗುಣಿಗಳಲ್ಲಿ ಮಾತ್ರ ತೆನೆ ಕಂಡು ಸುತ್ತಲಿನವರೂ ಗುದ್ದಲಿ ಹಿಡಿದರು. ಈ ಕೆಲಸ ಸುಲಭದ್ದೆಂದು ಮಾತ್ರ ಯಾರೂ ತಿಳಿಯಬಾರದು. ಒಂದು ಹೆಕ್ಟೇರು ತೋಡಲು ನೂರಾರು ಗಂಟೆಗಳ ಮೈಮುರಿಯುವ ದುಡಿಮೆ ಬೇಕು, ಅದೂ ನೆತ್ತಿ ಸುಡುವ ತಿಂಗಳುಗಳಲ್ಲಿ. ಆಳುಬಲವಿಲ್ಲದ ಮನೆಗಳಿಗೆ ಇಂದಿಗೂ ಅದು ದುಬಾರಿಯೇ.

ಯಾಕೂಬಾ 2023ರ ಡಿಸೆಂಬರಿನಲ್ಲಿ ತೀರಿಕೊಂಡರು. ಬರದ ನೆಲವನ್ನು ಉದ್ಧರಿಸುವ ಯೋಜನೆ ಹಿಡಿದು ನಿಮ್ಮೂರಿಗೆ ಯಾರಾದರೂ ಬಂದರೆ, ಎಷ್ಟು ಕೋಟಿ ಎಂದು ಕೇಳುವ ಮೊದಲು, ಅದರಲ್ಲಿ ಗೆದ್ದಲಿಗೆ ಜಾಗವಿದೆಯೇ ಎಂದು ಕೇಳಿ.