ಗಗ್ಗ ಭಿಕ್ಖುವಿನ ಮರೆವು

 

ಕಳೆದ ವಾರ ಓದು ಮುಗಿದ ಮೇಲೆ ಉಪಾಸಕರೊಬ್ಬರು ಚಪ್ಪಲಿ ಮೆಟ್ಟುತ್ತಾ ಮೆಲ್ಲಗೆ ಕೇಳಿದರು: "ಅವ್ವನ್ನ ಆಶ್ರಮಕ್ಕ ಬಿಟ್ರ ಪಾಪ ಬರ್ತದೇನ್ರಿ?"

ತಾಯಿಗೆ ಮರೆವಿನ ಕಾಯಿಲೆ, ಡಿಮೆನ್ಷಿಯಾ. ಎರಡು ಸಲ ನಡುರಾತ್ರಿ ಬಾಗಿಲು ತೆಗೆದು ಕಾಲುವೆ ದಂಡೆಗೆ ಹೋಗಿದ್ದರು. ಹಗಲು ಮಗ ಗದ್ದೆಗೆ ಹೋದರೆ ಜಳಕ, ಊಟ, ಬಟ್ಟೆ ಎಲ್ಲವೂ ಸೊಸೆಯ ಪಾಲು. ಆಕೆ ಕಣ್ತುಂಬ ನಿದ್ದೆ ಮಾಡಿ ತಿಂಗಳುಗಳಾದವು. ದೂರದೂರಿನ ಅಕ್ಕ ಮಾತ್ರ ಫೋನಿನಲ್ಲಿ "ಹೆತ್ತವ್ವನ್ನ ಹೊರಗ ಹಾಕ್ತೀಯೇನು?" ಅನ್ನುತ್ತಾಳೆ.

ನಮ್ಮ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳದ ಬಂಡೆಗಳ ಮೇಲೆಯೇ ಅಶೋಕ ತಂದೆತಾಯಿಯ ಶುಶ್ರೂಷೆ ಮಾಡಬೇಕೆಂದು ಬರೆಸಿದ್ದಾನೆ. ಹಾಗಾಗಿ ಪ್ರಶ್ನೆ ಹಗುರವಾದದ್ದಲ್ಲ. ಆದರೆ ಶುಶ್ರೂಷೆ ಎಂಬ ಪದದ ಮೂಲ ಅರ್ಥ ಕೇಳುವ ಬಯಕೆ. ಯಾವ ಸೂರಿನಡಿ ಎಂಬುದು ಆ ಪದದಲ್ಲಿಲ್ಲ.

ರೋಗಿಯನ್ನು ನೋಡಿಕೊಳ್ಳುವವರಿಗೆ ಬೇಕಾದ ಐದು ಗುಣಗಳನ್ನು ಬುದ್ಧರು ವಿನಯದಲ್ಲಿ ಹೇಳಿದ್ದಾರೆ. ಔಷಧಿ ಸಿದ್ಧಮಾಡಲು ಬರಬೇಕು. ಯಾವುದು ಹಿತ, ಯಾವುದು ಅಹಿತ ತಿಳಿದಿರಬೇಕು. ಲಾಭಕ್ಕಲ್ಲ, ಮೈತ್ರಿಯಿಂದ ಮಾಡಬೇಕು. ಮಲಮೂತ್ರ, ವಾಂತಿಗೆ ಹೇಸಬಾರದು. ಆಗಾಗ ಒಳ್ಳೆಯ ಮಾತಿನಿಂದ ಮನಸ್ಸಿಗೆ ಧೈರ್ಯ ತುಂಬಬೇಕು. ನೋಡಲು ಹೋದ ಆಶ್ರಮದ ಟೈಲ್ಸು, ಫ್ಯಾನು ಬಿಡಿ. ಈ ಐದನ್ನು ಕೇಳಿ. ರಾತ್ರಿ ಯಾರು ಎಚ್ಚರವಿರುತ್ತಾರೆ? ಮರೆವಿನವರನ್ನು ನೋಡಿಕೊಂಡ ಅನುಭವವಿದೆಯೇ? ಇದೇ ಐದನ್ನು ನಮ್ಮ ಮನೆಗೂ ಹಚ್ಚಿ ನೋಡಬೇಕು. ನಿದ್ದೆಗೆಟ್ಟ ಸೊಸೆಯಲ್ಲಿ ಮೈತ್ರಿ ಬತ್ತಿದರೆ ಅದು ಆಕೆಯ ತಪ್ಪಲ್ಲ, ಒಬ್ಬಳ ಮೇಲೆ ಹೊರಿಸಿದವರ ತಪ್ಪು.

ಮಹಾವಗ್ಗದಲ್ಲಿ ಗಗ್ಗ ಎಂಬ ಭಿಕ್ಖುವಿನ ಪ್ರಸಂಗವಿದೆ. ಅವನದು ಬುದ್ಧಿಭ್ರಮಣೆ, ಅವ್ವನದು ಬೇರೆ ಕಾಯಿಲೆ, ಎರಡೂ ಒಂದಲ್ಲ. ಆದರೂ ಕೇಳಿ. ಗಗ್ಗನಿಗೆ ಉಪೋಸಥ ಒಮ್ಮೆ ನೆನಪಿರುತ್ತಿತ್ತು, ಒಮ್ಮೆ ಇಲ್ಲ. ಒಮ್ಮೆ ಬರುತ್ತಿದ್ದ, ಒಮ್ಮೆ ಇಲ್ಲ. ಬುದ್ಧರು ಅವನನ್ನು ದೂಷಿಸಲಿಲ್ಲ, ಮುಚ್ಚಿಡಲೂ ಇಲ್ಲ. ಸಂಘವೆಲ್ಲ ಕೂಡಿ, ವಿಷಯವನ್ನು ಎಲ್ಲರೆದುರು ಮಂಡಿಸಿ, ಗಗ್ಗನಿಗೆ ನೆನಪಿರಲಿ ಬಿಡಲಿ, ಅವನು ಬರಲಿ ಬಿಡಲಿ, ಉಪೋಸಥ ನಡೆಸಬಹುದೆಂದು ಒಪ್ಪಿಗೆ ಕೊಡಬೇಕೆಂದರು. ಮುಂದೆ ಗಗ್ಗ ಗುಣವಾದ ಮೇಲೂ ಕೆಲವರು "ಹಿಂಗ ಮಾಡಿದ್ದು ನೆನಪೈತೇನು?" ಎಂದು ಕೆದಕುತ್ತಿದ್ದರು. ಬುದ್ಧರು ಅವರನ್ನೇ ಆಕ್ಷೇಪಿಸಿದರು. ನಾವೂ ಅವ್ವನನ್ನು "ನಾ ಯಾರು ಹೇಳು?" ಎಂದು ದಿನವೂ ಪರೀಕ್ಷೆ ಮಾಡುತ್ತೇವಲ್ಲ!

ಮೊದಲು ವೈದ್ಯರಿಗೆ ತೋರಿಸಿ. ಮರೆವೆಲ್ಲ ಡಿಮೆನ್ಷಿಯಾ ಅಲ್ಲ. ಥೈರಾಯ್ಡ್ ತೊಂದರೆ, ಬಿ-12 ಕೊರತೆಯಿಂದಲೂ ಬುದ್ಧಿ ಮಂಕಾಗುತ್ತದೆ, ಅವಕ್ಕೆ ಔಷಧಿಯಿದೆ. ಮನೋರೋಗಕ್ಕೆ ಹಳ್ಳಿಯ ಹತ್ತಿರವೇ ಚಿಕಿತ್ಸೆ ಕೊಡುವ ಮಾದರಿಯನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ರೂಪಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ. ಕೇಳಲು ನಾಚಿಕೆ ಬೇಡ.

ಇನ್ನು ಪಾಪದ ಮಾತು. ಬುದ್ಧರು ಕಮ್ಮವನ್ನು ಕಂಡದ್ದು ಚೇತನದಲ್ಲಿ, ಅಂದರೆ ಉದ್ದೇಶದಲ್ಲಿ. ಸೇರಿಸಿ ಮರಳಿ ಮುಖ ತೋರಿಸದಿರುವುದು ಒಂದು. ಸೇರಿಸಿ, ವಾರವಾರ ಹೋಗಿ ಪಕ್ಕದಲ್ಲಿ ಕೂತು, ಅವ್ವ ಹತ್ತು ಸಲ ಹೇಳಿದ್ದನ್ನೇ ಹನ್ನೊಂದನೆಯ ಸಲ ಕೇಳುವುದು ಇನ್ನೊಂದು.

ಬರುವ ಭಾನುವಾರ ಅಕ್ಕನನ್ನೂ ಕರೆಸಿ ಮನೆಯಲ್ಲಿ ಕೂಡುತ್ತೇವೆ ಎಂದಿದ್ದಾರೆ ಆ ಉಪಾಸಕರು. ಅವ್ವನೂ ಅಲ್ಲೇ ಇರಲಿ, ತಿಳಿದಷ್ಟು ತಿಳಿಯಲಿ. ಮೊದಲ ಮಾತು ಸೊಸೆಯದಿರಲಿ ಎಂದು ನಾವು ಕೇಳಿಕೊಂಡಿದ್ದೇವೆ.

ಭವತು ಸಬ್ಬ ಮಂಗಲಂ.