ಸತ್ತವರ ಹೆಸರು ಯಾರ ಸೊತ್ತು?

ಅಪರಿಚಿತ ಯುವಕನೊಬ್ಬ ಊರಿಗೆ ಬಂದರೆ ಹಿರಿಯರು ಕೇಳುವ ಮೊದಲ ಪ್ರಶ್ನೆ, "ನೀನು ಯಾರ ಮಗ?" ಎಂಬುದು. ಅವನು ತಂದೆಯ ಹೆಸರು ಹೇಳುತ್ತಾನೆ. ಗುರುತು ಹತ್ತದಿದ್ದರೆ ಅಜ್ಜನ ಹೆಸರು ಹೇಳುತ್ತಾನೆ. ಆಗ ಹಿರಿಯರ ಮುಖ ಅರಳುತ್ತದೆ. "ಓಹೋ, ಅವರ ಮೊಮ್ಮಗನೋ! ಹಾಗಾದರೆ ನಿನ್ನ ಅಜ್ಜಿ ನಮ್ಮ ತಾಯಿಗೆ ಚಿಕ್ಕಮ್ಮನ ಮಗಳಾಗಬೇಕು" ಎನ್ನುತ್ತಾರೆ. ಅಷ್ಟರಲ್ಲೇ ಅಪರಿಚಿತನು ನೆಂಟನಾಗಿ ಬಿಡುತ್ತಾನೆ. ಸತ್ತು ಹೋದ ಇಬ್ಬರ ಹೆಸರು ಬದುಕಿರುವ ಇಬ್ಬರನ್ನು ಒಂದುಗೂಡಿಸಿತು.

ಆದರೆ ಇಂತಹ ಹಿರಿಯರೇ ಇಲ್ಲದ ಕಡೆ ಜನರು ಏನು ಮಾಡಬೇಕು? ಅಮೇರಿಕವನ್ನೇ ತೆಗೆದುಕೊಳ್ಳಿ. ಹಲವು ದೇಶಗಳಿಂದ ಹೋಗಿ ನೆಲೆಸಿದವರ ನಾಡು ಅದು. ಅಣ್ಣ ಒಂದು ರಾಜ್ಯದಲ್ಲಿ, ತಮ್ಮ ಸಾವಿರ ಮೈಲು ದೂರದ ಇನ್ನೊಂದು ರಾಜ್ಯದಲ್ಲಿ. ಅನೇಕರ ಹೆಸರುಗಳು ಬಂದ ಮೇಲೆ ಬದಲಾದವು. ಮದುವೆಯಾದ ಹೆಣ್ಣು ಮಕ್ಕಳ ಮನೆತನದ ಹೆಸರೂ ಬದಲಾಯಿತು. ಅಲ್ಲಿ ಊರ ಹಿರಿಯರ ಸ್ಥಾನವನ್ನು ಸರಕಾರಿ ದಾಖಲೆಗಳು ತುಂಬುತ್ತವೆ. ಜನನ, ವಿವಾಹ ಮತ್ತು ಮರಣದ ಪುಸ್ತಕಗಳು, ಜನಗಣತಿಯ ಹಾಳೆಗಳು - ಇವುಗಳನ್ನು ಹುಡುಕಿ ವಂಶಾವಳಿಯನ್ನು ಜೋಡಿಸುವ ಲಕ್ಷಾಂತರ ಜನರು ಅಲ್ಲಿದ್ದಾರೆ. ಕೆಲವರಿಗೆ ಅದು ಹವ್ಯಾಸ, ಇನ್ನು ಕೆಲವರಿಗೆ ವೃತ್ತಿ. ಕಳೆದ ಕೆಲವು ದಶಕಗಳಿಂದ ಈ ದಾಖಲೆಗಳಿಗೆ ಒಂದೊಂದಾಗಿ ಬೀಗ ಬೀಳುತ್ತಿದೆ. ಜನರ ಖಾಸಗಿತನವನ್ನು ರಕ್ಷಿಸಬೇಕೆಂಬುದು ಕಾನೂನು ಮಾಡುವವರ ವಾದ. ಬೀಗ ಹಾಕಬೇಡಿ ಎಂಬುದು ವಂಶಾವಳಿ ಶೋಧಕರ ಬೇಡಿಕೆ. ಇವರಲ್ಲಿ ನ್ಯಾಯ ಯಾರ ಕಡೆಗಿದೆ?

ಸತ್ತ ಮಗುವಿನ ಸಂಖ್ಯೆ

ಈ ವಿವಾದದ ಕೇಂದ್ರದಲ್ಲಿರುವುದು ಒಂದು ಮರಣ ಪಟ್ಟಿ. ಅಮೇರಿಕದಲ್ಲಿ 1936ರಿಂದ ನಾಗರಿಕರಿಗೆ ಸಾಮಾಜಿಕ ಭದ್ರತಾ ಸಂಖ್ಯೆ ಎಂಬ ಒಂದು ಸಂಖ್ಯೆಯನ್ನು ನೀಡಲಾಗುತ್ತದೆ. ಪಿಂಚಣಿ, ತೆರಿಗೆ, ಬ್ಯಾಂಕು ಎಲ್ಲದಕ್ಕೂ ಅದೇ ಆಧಾರ. ಆ ಸಂಖ್ಯೆ ಇದ್ದವರು ತೀರಿಕೊಂಡಾಗ ಇಲಾಖೆಯು ಹೆಸರು, ಸಂಖ್ಯೆ, ಹುಟ್ಟಿದ ದಿನ, ಸತ್ತ ದಿನ ಇವುಗಳನ್ನು ಒಂದು ಪಟ್ಟಿಯಲ್ಲಿ ಸೇರಿಸುತ್ತದೆ. ಮಾಹಿತಿ ಪಡೆಯುವ ಹಕ್ಕಿನಡಿ ಹೂಡಲಾದ ಒಂದು ದಾವೆಯು 1980ರಲ್ಲಿ ಒಪ್ಪಂದದ ತೀರ್ಪಿನಲ್ಲಿ ಮುಗಿಯಿತು. ಆ ಬಳಿಕ ಈ ಪಟ್ಟಿ ಸಾರ್ವಜನಿಕರಿಗೂ ದೊರೆಯತೊಡಗಿತು. ಬ್ಯಾಂಕುಗಳು ಮತ್ತು ವಿಮಾ ಕಂಪೆನಿಗಳು ಸತ್ತವರ ಹೆಸರಿನಲ್ಲಿ ನಡೆಯುವ ವಂಚನೆಯನ್ನು ತಡೆಯಲು ಅದನ್ನು ಬಳಸಿದವು. ವಂಶಾವಳಿ ಶೋಧಕರಿಗಂತೂ ಅದೊಂದು ನಿಧಿಯೇ ಆಯಿತು.

ಆದರೆ ತೆರೆದ ಬಾಗಿಲಿನಿಂದ ನೆಂಟನು ಬರುವಂತೆ ಕಳ್ಳನೂ ಬರುತ್ತಾನೆ. ಕಳ್ಳರು ಈ ಪಟ್ಟಿಯಿಂದ ಇತ್ತೀಚೆಗೆ ತೀರಿಕೊಂಡ ಮಕ್ಕಳ ಹೆಸರು, ಸಂಖ್ಯೆಗಳನ್ನು ಹೆಕ್ಕಿ, ಆ ಮಗು ತಮ್ಮ ಆಶ್ರಯದಲ್ಲಿದೆಯೆಂದು ಸುಳ್ಳು ತೆರಿಗೆ ವಿವರ ಸಲ್ಲಿಸಿ ಸರಕಾರದಿಂದ ಹಣ ಪಡೆದರು. ಮಗುವನ್ನು ಮಣ್ಣು ಮಾಡಿ ಬಂದ ತಂದೆ ತಾಯಿ ಕೆಲವು ತಿಂಗಳ ನಂತರ ತಮ್ಮ ತೆರಿಗೆ ವಿವರ ಸಲ್ಲಿಸುವಾಗ, "ಈ ಮಗುವನ್ನು ಬೇರೊಬ್ಬರು ಈಗಾಗಲೇ ತೋರಿಸಿದ್ದಾರೆ" ಎಂಬ ಉತ್ತರ ಬಂತು. ಆ ಮಗು ತಮ್ಮದೇ ಎಂದು ಅವರು ಕಛೇರಿಗೆ ಸಾಬೀತುಪಡಿಸಬೇಕಾಯಿತು. ಆ ನೋವನ್ನು ಊಹಿಸಿಕೊಳ್ಳಿ. ಇನ್ನೊಂದು ತೊಂದರೆಯೂ ಇತ್ತು. ಬದುಕಿರುವವರನ್ನೇ ಸತ್ತವರೆಂದು ತಪ್ಪಾಗಿ ಬರೆದುದರಿಂದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜೀವಂತ ವ್ಯಕ್ತಿಗಳ ವಿವರಗಳು ಬಹಿರಂಗವಾದವೆಂದು ಆ ಇಲಾಖೆಯ ತನಿಖಾಧಿಕಾರಿಗಳೇ 2008ರಲ್ಲಿ ವರದಿ ಮಾಡಿದರು.

ಪರಿಣಾಮವಾಗಿ ಕ್ರಮಗಳು ಬಂದವು. 2011ರ ನವೆಂಬರ್‌ನಲ್ಲಿ ಇಲಾಖೆಯು ಸಾರ್ವಜನಿಕ ಪಟ್ಟಿಯಿಂದ ಸುಮಾರು 42 ಲಕ್ಷ ಹೆಸರುಗಳನ್ನು ತೆಗೆದು ಹಾಕಿತು. ಆ ಮಾಹಿತಿಯು ರಾಜ್ಯ ಸರಕಾರಗಳಿಂದ ಬಂದುದರಿಂದ ಅದನ್ನು ಪ್ರಕಟಿಸುವ ಅಧಿಕಾರ ತನಗಿಲ್ಲವೆಂದು ಅದು ಕಾರಣ ಕೊಟ್ಟಿತು. 2013ರ ಡಿಸೆಂಬರ್‌ನಲ್ಲಿ ಆಯವ್ಯಯ ಕಾಯ್ದೆಯೊಳಗೆ ಒಂದು ವಿಧಿಯನ್ನು ಸೇರಿಸಿ, ವ್ಯಕ್ತಿ ಸತ್ತ ನಂತರದ ಮೂರು ಕ್ಯಾಲೆಂಡರ್ ವರ್ಷಗಳವರೆಗೆ ಅವನ ವಿವರ ಎಲ್ಲರಿಗೂ ಸಿಗಬಾರದೆಂದು ವಿಧಿಸಲಾಯಿತು. ಅಷ್ಟರೊಳಗೆ ಬೇಕೆನ್ನುವವರು ಸರಕಾರದಿಂದ ಪ್ರಮಾಣಪತ್ರ ಪಡೆಯಬೇಕು. ವಂಚನೆ ತಡೆಯುವ ಹಿತಾಸಕ್ತಿ ಅಥವಾ ಕಾನೂನು ಒಪ್ಪಿದ ವ್ಯವಹಾರದ ಅಗತ್ಯ ತಮಗಿದೆಯೆಂದು ತೋರಿಸಬೇಕು. ಬ್ಯಾಂಕಿಗೆ ಇದು ಕಷ್ಟವಲ್ಲ. ಆದರೆ ಮನೆ ಬಿಟ್ಟು ಹೋದ ಚಿಕ್ಕಪ್ಪನು ಬದುಕಿದ್ದಾನೋ ಸತ್ತಿದ್ದಾನೋ ಎಂದು ತಿಳಿಯಬಯಸುವ ಬಡ ಹೆಣ್ಣು ಮಗಳ ಬಳಿ ಯಾವ ವ್ಯವಹಾರವಿದೆ? ಅವಳು ಕಾಯಬೇಕು.

ಶೋಧಕರ ಉತ್ತರ

ಶೋಧಕರು ಸುಮ್ಮನಿರಲಿಲ್ಲ. 1903ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ವಂಶಾವಳಿ ಸಂಘ, 2020ರಲ್ಲಿ ಅದರೊಂದಿಗೆ ವಿಲೀನವಾದ ವಂಶಾವಳಿ ಸಂಘಗಳ ಒಕ್ಕೂಟ ಮತ್ತು ಯಹೂದಿ ವಂಶಾವಳಿ ಸಂಘಗಳ ಅಂತಾರಾಷ್ಟ್ರೀಯ ಸಂಸ್ಥೆ - ಇವು ದಾಖಲೆಗಳ ರಕ್ಷಣೆ ಮತ್ತು ಲಭ್ಯತೆಗಾಗಿ ಒಂದು ಜಂಟಿ ಸಮಿತಿಯನ್ನು ನಡೆಸಿದವು. ಮಹಾಯುದ್ಧದ ನರಮೇಧದಲ್ಲಿ ಇಡೀ ಕುಟುಂಬಗಳನ್ನೇ ಕಳೆದುಕೊಂಡ ಯಹೂದಿಯರಿಗೆ, ಯಾರು ಅಳಿದರು ಯಾರು ಉಳಿದರು ಎಂದು ತಿಳಿಯುವುದು ಕೇವಲ ಹವ್ಯಾಸವಲ್ಲ ಎಂಬುದನ್ನು ಯಾರಿಗೂ ವಿವರಿಸಬೇಕಾಗಿಲ್ಲ.

ಅವರ ವಾದದಲ್ಲಿ ಎರಡು ಮುಖ್ಯ ಅಂಶಗಳಿದ್ದವು. ಮೊದಲನೆಯದು, ಮರಣ ಪಟ್ಟಿಯೇ ವಂಚನೆಗೆ ಮದ್ದು ಎಂಬುದು. ತೆರಿಗೆ ಇಲಾಖೆಯು ಹಣ ಕೊಡುವ ಮೊದಲು ತನ್ನ ಬಳಿಗೆ ಬಂದ ಸಂಖ್ಯೆಯನ್ನು ಪಟ್ಟಿಯೊಂದಿಗೆ ಹೋಲಿಸಿ ನೋಡಿದರೆ ಕಳ್ಳನು ಅಲ್ಲಿಯೇ ಸಿಕ್ಕಿ ಬೀಳುತ್ತಾನೆ. ಕಾವಲುಗಾರನು ನಿದ್ದೆ ಮಾಡಿದ್ದಕ್ಕೆ ದೀಪವನ್ನು ಆರಿಸುವುದು ಯಾವ ನ್ಯಾಯ?

ಎರಡನೆಯದು, ಈ ದಾಖಲೆಗಳಿಂದ ನಡೆಯುವ ಉಪಕಾರಗಳು. ಕೊರಿಯಾ ಯುದ್ಧದಲ್ಲಿ ಕಾಣೆಯಾದ ಅಮೇರಿಕದ ಸೈನಿಕರಲ್ಲಿ ಏಳು ಸಾವಿರಕ್ಕೂ ಹೆಚ್ಚು ಮಂದಿಯ ಗುರುತು ಇನ್ನೂ ಸಿಕ್ಕಿಲ್ಲ. ಮೂಳೆಗಳು ದೊರೆತಾಗ ಅವು ಯಾರವೆಂದು ತಿಳಿಯಲು ರಕ್ತಸಂಬಂಧಿಗಳ ಮಾದರಿಯೊಂದಿಗೆ ಹೋಲಿಸಬೇಕು. ಹಳೆಯ ಮೂಳೆಗಳಲ್ಲಿ ಹೆಚ್ಚಾಗಿ ಉಳಿದಿರುವುದು ತಾಯಿಯಿಂದ ಮಕ್ಕಳಿಗೆ ಬರುವ ಅಂಶ. ಆದ್ದರಿಂದ ಸೈನಿಕನ ಸೋದರಿ, ಸೋದರಿಯ ಮಕ್ಕಳು, ತಾಯಿಯ ಸೋದರಿಯ ಮಕ್ಕಳು ಇವರನ್ನು ಹುಡುಕಬೇಕು. ಮದುವೆಯಾಗಿ ಹೆಸರು ಬದಲಾದ ಈ ಹೆಂಗಸರನ್ನು ಎಪ್ಪತ್ತು ವರ್ಷಗಳ ನಂತರ ಪತ್ತೆ ಹಚ್ಚುವುದು ಹೇಗೆ? ವಿವಾಹದ ಪುಸ್ತಕ ಮತ್ತು ಮರಣದ ಪಟ್ಟಿ ತೆರೆದಿದ್ದರೆ ಮಾತ್ರ. ವಾರಸುದಾರರಿಲ್ಲದ ಶವಗಳಿಗೆ ಬಂಧುಗಳನ್ನು ಹುಡುಕುವವರಿಗೂ, ಆಸ್ತಿಯ ನಿಜವಾದ ಹಕ್ಕುದಾರರನ್ನು ಪತ್ತೆ ಮಾಡುವವರಿಗೂ ಇದೇ ದಾರಿ.

ಮರಣ ಪಟ್ಟಿಯ ಮೂರು ವರ್ಷ ಸಣ್ಣ ಬೀಗ. ಇದಕ್ಕಿಂತ ದೊಡ್ಡವೂ ಬಂದಿವೆ. ಅಲ್ಲಿನ ರಾಜ್ಯಗಳಿಗಾಗಿ 2011ರಲ್ಲಿ ಪರಿಷ್ಕರಿಸಿದ ಮಾದರಿ ಕಾನೂನು ಜನನದ ದಾಖಲೆಯನ್ನು 125 ವರ್ಷ, ವಿವಾಹದ ದಾಖಲೆಯನ್ನು 100 ವರ್ಷ, ಮರಣದ ದಾಖಲೆಯನ್ನು 75 ವರ್ಷ ಮುಚ್ಚಿಡಲು ಹೇಳಿತು. 2018ರಲ್ಲಿ ನ್ಯೂಯಾರ್ಕ್ ನಗರದ ಆರೋಗ್ಯ ಮಂಡಳಿಯು, ಶೋಧಕರ ವಿರೋಧದ ನಡುವೆಯೂ, ಜನನಕ್ಕೆ 125 ಮತ್ತು ಮರಣಕ್ಕೆ 75 ವರ್ಷಗಳನ್ನೇ ನಿಗದಿ ಮಾಡಿತು. 125 ವರ್ಷ! ತಾಯಿಯ ತಾಯಿ ಎಂದು ಹುಟ್ಟಿದಳೆಂದು ತಿಳಿಯಲು ಮೊಮ್ಮಗನು ಇಷ್ಟು ಕಾಲ ಕಾಯಬೇಕಾದರೆ ಅವನು ಬದುಕಿರುವುದಾದರೂ ಉಂಟೇ?

ತಾರೀಕುಗಳು ಹಿಡಿದ ಸುಳ್ಳುಗಾರರು

ಈ ವಿವಾದವನ್ನು ಓದುವಾಗ ಇಸ್ಲಾಮೀ ವಿದ್ಯೆಯ ಒಂದು ಶಾಖೆ ನೆನಪಾಗುತ್ತದೆ. ಹದೀಸ್ ವಿದ್ವಾಂಸರು ವರದಿಗಾರರ ಬಗ್ಗೆ ದೊಡ್ಡ ದೊಡ್ಡ ಸಂಪುಟಗಳನ್ನು ಬರೆದರು. ಯಾರು ಯಾವ ಊರಿನವರು, ಯಾರ ಶಿಷ್ಯರು, ಯಾವ ವರ್ಷ ಹುಟ್ಟಿದರು, ಯಾವ ವರ್ಷ ತೀರಿಕೊಂಡರು ಎಂಬುದನ್ನೆಲ್ಲಾ ದಾಖಲಿಸಿದರು. ಏತಕ್ಕಾಗಿ? "ನಾನು ಇಂಥ ಗುರುಗಳಿಂದ ಕೇಳಿದೆ" ಎಂದು ಒಬ್ಬನು ಹೇಳಿಕೊಂಡಾಗ, ಅವನು ಹುಟ್ಟುವ ಮೊದಲೇ ಆ ಗುರುಗಳು ತೀರಿಕೊಂಡಿದ್ದರೆಂದು ಪುಸ್ತಕ ತೋರಿಸಿ ಕೊಡುತ್ತಿತ್ತು. ಸತ್ತ ದಿನಾಂಕವು ಸುಳ್ಳುಗಾರನ ಬಾಯಿ ಮುಚ್ಚಿಸಿತು. ವಂಶಾವಳಿ ಶೋಧಕರ ಮೊದಲ ವಾದವೂ ಇದೇ ಅಲ್ಲವೇ? ಸತ್ತವರ ಲೆಕ್ಕ ತೆರೆದಿರುವಲ್ಲಿ ಸುಳ್ಳು ಹೆಚ್ಚು ಕಾಲ ಬಾಳದು.

ಆದರೆ ಅದೇ ವಿದ್ವಾಂಸರು ತಮಗೊಂದು ಎಲ್ಲೆಯನ್ನೂ ಹಾಕಿಕೊಂಡಿದ್ದರು. ವರದಿಗಾರನ ದೋಷವನ್ನು ಹೇಳುವುದು ಸಾಮಾನ್ಯವಾಗಿ ಪರದೂಷಣೆಯಾಗುತ್ತದೆ. ಧರ್ಮದ ರಕ್ಷಣೆಯ ಅಗತ್ಯಕ್ಕಾಗಿ ಮಾತ್ರ ಅದಕ್ಕೆ ಅನುಮತಿಯಿದೆ. ಆದ್ದರಿಂದ ಎಷ್ಟು ಅಗತ್ಯವೋ ಅಷ್ಟೇ ಹೇಳಬೇಕು, ಅದಕ್ಕಿಂತ ಒಂದು ಮಾತೂ ಹೆಚ್ಚು ಹೇಳಬಾರದು ಎಂದು ಅವರು ಕಲಿಸಿದರು. ಇಸ್ಲಾಮಿನ ಶಿಕ್ಷಣದಲ್ಲಿ ಈ ಎರಡೂ ಒಟ್ಟಿಗೆ ನಿಲ್ಲುತ್ತವೆ. ಒಂದೆಡೆ, ಬಂಧುತ್ವವನ್ನು ಕಾಪಾಡಲು ಬೇಕಾದಷ್ಟು ವಂಶದ ಜ್ಞಾನವನ್ನು ಗಳಿಸಿಕೊಳ್ಳಬೇಕೆಂದು ಪ್ರವಾದಿ(ಸ) ಬೋಧಿಸಿದ್ದಾರೆ. ಇನ್ನೊಂದೆಡೆ, ಇತರರ ಗುಟ್ಟುಗಳನ್ನು ಕೆದಕುವುದನ್ನು ಪವಿತ್ರ ಕುರ್‌ಆನ್ ನಿಷೇಧಿಸಿದೆ. ಸತ್ತವರನ್ನು ನಿಂದಿಸಬಾರದೆಂದು ಪ್ರವಾದಿ(ಸ) ತಡೆದಿದ್ದಾರೆ. ವಂಶವಿರುವುದು ಪರಸ್ಪರ ಪರಿಚಯಕ್ಕಾಗಿ, ಹೆಮ್ಮೆಗಾಗಿ ಅಲ್ಲ ಎಂಬುದು ಕುರ್‌ಆನ್‌ನ ಪಾಠ.

ಇಲ್ಲಿ ಒಂದು ಆಕ್ಷೇಪವನ್ನು ಪ್ರಾಮಾಣಿಕವಾಗಿ ಎದುರಿಸಬೇಕು. "ಸತ್ತವನು ತನ್ನ ಪರವಾಗಿ ಮಾತನಾಡಲಾರ. ಮರಣ ಪತ್ರದಲ್ಲಿ ಅವನ ಕಾಯಿಲೆಯಿದೆ, ಕೆಲವೊಮ್ಮೆ ಅವನು ಜೀವ ಕಳೆದುಕೊಂಡ ರೀತಿಯಿದೆ. ಜನನ ಪತ್ರದಲ್ಲಿ ಒಬ್ಬ ತಾಯಿ ಬದುಕಿನುದ್ದಕ್ಕೂ ಮುಚ್ಚಿಟ್ಟ ಸಂಗತಿಯಿದೆ. ಇದನ್ನು ಯಾರೋ ಒಬ್ಬರ ಕುತೂಹಲಕ್ಕಾಗಿ ಬಿಚ್ಚಿಡಬೇಕೇ?" ಎಂದು ಕೇಳಿದರೆ ಶೋಧಕರ ಬಳಿ ಸುಲಭವಾದ ಉತ್ತರವಿಲ್ಲ. ಅವರಲ್ಲೂ ತಪ್ಪುಗಳಿದ್ದವು. ಸತ್ತವರ ಸಂಖ್ಯೆಗಳನ್ನು ಕೆಲವು ವಂಶಾವಳಿ ಸಂಸ್ಥೆಗಳೇ ವರ್ಷಗಟ್ಟಲೆ ಯಾರು ಬೇಕಾದರೂ ನೋಡುವಂತೆ ಇಟ್ಟಿದ್ದವು. ವಂಶ ಜೋಡಿಸಲು ಹೆಸರು ಬೇಕು, ದಿನಾಂಕ ಬೇಕು. ನಿನ್ನೆ ಸತ್ತ ಮಗುವಿನ ತೆರಿಗೆ ಸಂಖ್ಯೆ ಬೇಕೇ? 2011ರ ಡಿಸೆಂಬರ್‌ನಲ್ಲಿ, ಸಂಸತ್ ಸದಸ್ಯರ ಒತ್ತಾಯದ ನಂತರ, ಒಂದು ದೊಡ್ಡ ಸಂಸ್ಥೆಯು ಹಿಂದಿನ ಹತ್ತು ವರ್ಷಗಳಲ್ಲಿ ಸತ್ತವರ ಸಂಖ್ಯೆಯನ್ನು ತೋರಿಸುವುದನ್ನು ನಿಲ್ಲಿಸಿತು. ಯಾರೂ ಹೇಳುವ ಮೊದಲೇ ಇದನ್ನು ಮಾಡಿದ್ದರೆ ಅವರ ವಾದಕ್ಕೆ ಇನ್ನಷ್ಟು ತೂಕ ಬರುತ್ತಿತ್ತು.

ಕಾಯುವುದು ಬೇರೆ, ಸುಡುವುದು ಬೇರೆ

ಮನುಷ್ಯನ ಉದ್ದೇಶ ಅಲ್ಲಾಹನಿಗೆ ಗೊತ್ತು. ಕಾನೂನಿಗೆ ಗೊತ್ತಾಗುವುದಿಲ್ಲ. ಬಾಗಿಲಲ್ಲಿ ನಿಂತವನು ನೆಂಟನೋ ಕಳ್ಳನೋ ಎಂದು ಅದು ಹೃದಯವನ್ನು ಸೀಳಿ ನೋಡಲಾರದು. ಆದ್ದರಿಂದ ಅದು ಕಾಲವನ್ನು ಅಳತೆಗೋಲಾಗಿ ಹಿಡಿಯುತ್ತದೆ. ಇದರಲ್ಲಿ ಒಂದು ವಿವೇಕವಿದೆ. ಕಾಲ ಕಳೆದಂತೆ ಕಳ್ಳನಿಗೆ ಆ ಸಂಖ್ಯೆಯ ಬೆಲೆ ಕಡಿಮೆಯಾಗುತ್ತದೆ. ಮೊಮ್ಮಕ್ಕಳಿಗೆ ಆ ಹೆಸರಿನ ಬೆಲೆ ಹೆಚ್ಚಾಗುತ್ತದೆ. ಅಮೇರಿಕದ ಜನಗಣತಿಯ ಹಾಳೆಗಳು 72 ವರ್ಷ ಮುಚ್ಚಿರುತ್ತವೆ, ಬಳಿಕ ಎಲ್ಲರಿಗೂ ತೆರೆಯುತ್ತವೆ. 1950ರ ಗಣತಿಯು 2022ರ ಏಪ್ರಿಲ್ 1ರಂದು ತೆರೆಯಿತು.

ಇದಕ್ಕೆ ವಿರುದ್ಧವಾದ ದಾರಿಯನ್ನು ಆಸ್ಟ್ರೇಲಿಯಾ ಹಿಡಿದಿತ್ತು. ಖಾಸಗಿತನದ ಹೆಸರಿನಲ್ಲಿ ಅಲ್ಲಿ ಇಪ್ಪತ್ತನೆಯ ಶತಮಾನದ ರಾಷ್ಟ್ರೀಯ ಗಣತಿಗಳ ಹೆಸರುಳ್ಳ ನಮೂನೆಗಳನ್ನು ಲೆಕ್ಕ ಮುಗಿದ ಮೇಲೆ ನಾಶಪಡಿಸಲಾಗುತ್ತಿತ್ತು. ಲೆಕ್ಕ ಉಳಿಯಿತು, ಜನರು ಅಳಿಸಿ ಹೋದರು. ವಂಶಾವಳಿ ಶೋಧಕರೂ ಇತಿಹಾಸಕಾರರೂ ಬಹಳ ಕಾಲ ಮನವಿ ಮಾಡಿದ ಮೇಲೆ 2001ರ ಗಣತಿಯಲ್ಲಿ ಮೊದಲ ಬಾರಿಗೆ ಪ್ರತಿಯೊಬ್ಬರನ್ನೂ ಕೇಳಲಾಯಿತು: ನಿಮ್ಮ ಹೆಸರನ್ನು 99 ವರ್ಷ ಮುಚ್ಚಿಟ್ಟು ನಂತರ ತೆರೆಯಬಹುದೇ? ಅರ್ಧಕ್ಕಿಂತ ಹೆಚ್ಚು ಮಂದಿ ಒಪ್ಪಿದರು. ಯಾರೂ ಅವರನ್ನು ಒತ್ತಾಯಿಸಿರಲಿಲ್ಲ. ಮುಂದೆ ಹುಟ್ಟಲಿರುವವರು ತಮ್ಮನ್ನು ತಿಳಿಯಲಿ ಎಂಬ ಆಸೆ ಮನುಷ್ಯನಲ್ಲಿ ಇದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಆದ್ದರಿಂದ ನ್ಯಾಯವಾದ ಮಾರ್ಗ ಎಲ್ಲಿದೆಯೆಂದು ಕಾಣುವುದು ಕಷ್ಟವಲ್ಲ. ಸಂಖ್ಯೆಯನ್ನು ಮುಚ್ಚಿರಿ, ಹೆಸರನ್ನು ಮುಚ್ಚಬೇಡಿರಿ. ಕೆಲವು ವರ್ಷ ಕಾಯಿಸಿರಿ, ಒಂದು ಜೀವಮಾನ ಕಾಯಿಸಬೇಡಿರಿ. ಬ್ಯಾಂಕಿಗೆ ತೆರೆಯುವ ಬಾಗಿಲನ್ನು ರಕ್ತಸಂಬಂಧಿಗೂ ತೆರೆಯಿರಿ. ಯಾವುದೇ ಕಾರಣಕ್ಕೂ ದಾಖಲೆಯನ್ನು ನಾಶ ಮಾಡಬೇಡಿರಿ. ಸತ್ತವರ ಹೆಸರು ಸರಕಾರದ ಸೊತ್ತೂ ಅಲ್ಲ, ಶೋಧಕರ ಸೊತ್ತೂ ಅಲ್ಲ. ಅದು ಅಮಾನತ್. ಅಮಾನತನ್ನು ಕಳ್ಳನಿಗೆ ಒಪ್ಪಿಸುವವನೂ ತಪ್ಪಿತಸ್ಥನು, ಹಕ್ಕುದಾರನು ಬಂದು ಕೇಳಿದಾಗ ಕೊಡದವನೂ ತಪ್ಪಿತಸ್ಥನು.

ಓದುಗರೇ, ಇದು ದೂರದ ದೇಶದ ವಿಷಯವೆಂದು ಪುಟ ತಿರುವುವ ಮೊದಲು ನಿಮ್ಮ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಿ. ನಿಮ್ಮ ತಂದೆಯ ತಂದೆಯ ಹೆಸರು ನಿಮ್ಮ ಮಕ್ಕಳಿಗೆ ಬಹುಶಃ ಗೊತ್ತಿರಬಹುದು. ತಾಯಿಯ ತಾಯಿಯ ಹೆಸರು? ಅವಳ ತಾಯಿಯ ಹೆಸರು? ಅವಳು ಯಾವ ಊರಿನಿಂದ ಮದುವೆಯಾಗಿ ಬಂದವಳು? ಆ ಸೈನಿಕರ ಮೂಳೆಗಳನ್ನು ಗುರುತಿಸಲು ಬೇಕಾದದ್ದು ಇದೇ ಹೆಂಗಸರ ಹೆಸರುಗಳು. ನಮ್ಮ ಮನೆಗಳಲ್ಲಿ ಮೊದಲು ಮರೆತು ಹೋಗುವುದೂ ಇವೇ. ಅವರು ಅಜ್ಜಿಯೆಂದೇ ಬದುಕಿದರು, ಅಜ್ಜಿಯೆಂದೇ ತೀರಿಕೊಂಡರು. ಈ ಹೆಸರುಗಳನ್ನು ಯಾವ ಕಾನೂನೂ ಮುಚ್ಚಿಲ್ಲ, ಯಾವ ಕಛೇರಿಯೂ ಬೀಗ ಹಾಕಿಲ್ಲ. ನಾವು ಕೇಳಲಿಲ್ಲ, ಅಷ್ಟೇ.

ಮನೆಯಲ್ಲಿ ಹಿರಿಯರೊಬ್ಬರು ಇನ್ನೂ ಇದ್ದರೆ, ಇಂದು ರಾತ್ರಿ ಊಟದ ನಂತರ ಒಂದು ಪುಸ್ತಕ, ಒಂದು ಪೆನ್ನು ಹಿಡಿದು ಅವರ ಬಳಿ ಕುಳಿತುಕೊಳ್ಳಿ. ಹೆಸರುಗಳನ್ನು ಕೇಳಿ ಬರೆದುಕೊಳ್ಳಿ. ಯಾರಾದರೂ ದೂರವಾದ ಬಂಧುವಿನ ಹೆಸರು ಬಂದರೆ, ಅದನ್ನು ಬರೆದು ಮುಚ್ಚಿಡಬೇಡಿ. ಅವರು ಬದುಕಿದ್ದರೆ ಹೋಗಿ ನೋಡಿ ಬನ್ನಿ. ತೀರಿಕೊಂಡಿದ್ದರೆ ಪ್ರಾರ್ಥನೆಯಲ್ಲಿ ಅವರನ್ನು ಹೆಸರು ಹಿಡಿದು ನೆನೆಯಿರಿ.