ಕಲ್ನಾರಿನ ಧೂಳು ಮತ್ತು ಆಳುವವರ ಹೊಣೆ

ಸರ್ಕಾರಿ ಕಟ್ಟಡವೊಂದು ಮೇಲೇಳುವಾಗ ಅದಕ್ಕೆ ಶಂಕುಸ್ಥಾಪನೆಯಿರುತ್ತದೆ, ಶಿಲಾಫಲಕವಿರುತ್ತದೆ. ಮಂತ್ರಿಯ ಹೆಸರು, ತಾರೀಖು, ಕೆಲವೊಮ್ಮೆ ಮಂಜೂರಾದ ಮೊತ್ತವೂ ಕಲ್ಲಿನ ಮೇಲೆ ಉಳಿಯುತ್ತವೆ. ಅದೇ ಕಟ್ಟಡವನ್ನು ಕೆಡಹುವಾಗ ಯಾರ ಹೆಸರನ್ನೂ ಕೆತ್ತುವುದಿಲ್ಲ. ಕೆಡಹುವುದು ಲೋಕದ ಕಣ್ಣಿಗೆ ಒಂದು ಕಾರ್ಯವೇ ಅಲ್ಲ; ಕಾರ್ಯವೊಂದರ ಮುಕ್ತಾಯ ಮಾತ್ರ. ಇಪ್ಪತ್ತನೆಯ ಶತಮಾನದಲ್ಲಿ ಕಟ್ಟಿದ ಕಟ್ಟಡಗಳ ವಿಷಯದಲ್ಲಿ ಈ ಭಾವನೆ ಅಪಾಯಕರವಾದುದು. ಅವುಗಳಲ್ಲಿ ಅನೇಕದರ ಒಡಲಿನಲ್ಲಿ ಆಸ್ಬೆಸ್ಟಾಸ್ ಇದೆ. ಕೆಡಹಿದಾಗ ಅದು ಧೂಳಾಗಿ ಹೊರಬಂದು, ಉಸಿರಾಡಿದವರ ಶ್ವಾಸಕೋಶವನ್ನು ಸೇರಿ, ಮೂವತ್ತು ನಲವತ್ತು ವರ್ಷಗಳ ತರುವಾಯ ಫಲ ಕೊಡುತ್ತದೆ. ಆ ವೇಳೆಗೆ ಆಜ್ಞೆ ಮಾಡಿದ ಅಧಿಕಾರಿ ನಿವೃತ್ತನಾಗಿರುತ್ತಾನೆ, ಗುತ್ತಿಗೆದಾರನ ಸಂಸ್ಥೆ ಮುಚ್ಚಿರುತ್ತದೆ, ಕೂಲಿಯವನಿಗೆ ತಾನು ಎಂದು ಎಲ್ಲಿ ಆ ಧೂಳನ್ನು ಕುಡಿದೆನೆಂಬುದು ಮರೆತಿರುತ್ತದೆ. ಇಂತಹ ಹಾನಿಗೆ ಹೊಣೆಗಾರರು ಯಾರು ಎಂಬುದು ಕಾನೂನಿನ ಪ್ರಶ್ನೆಯಾಗುವ ಮೊದಲು ನೀತಿಯ ಪ್ರಶ್ನೆಯಾಗಿದೆ.

ಈ ಖನಿಜಕ್ಕೆ ಕನ್ನಡದಲ್ಲಿ ಕಲ್ನಾರು ಎಂಬ ಸೊಗಸಾದ ಹೆಸರಿದೆ. ಇಂಗ್ಲಿಷಿನವರು ಗ್ರೀಕಿನಿಂದ ಪಡೆದ ಪದಕ್ಕೆ ಆರಿಸಲಾಗದ್ದು ಎಂದು ಅರ್ಥ. ಕನ್ನಡದ ಪದವಾದರೋ ವಸ್ತುವಿನ ಸ್ವರೂಪವನ್ನೇ ಹೇಳಿಬಿಡುತ್ತದೆ. ಅದು ಕಲ್ಲೂ ಹೌದು, ನಾರೂ ಹೌದು. ಬೆಂಕಿಗೆ ಬೇಯದು, ನೀರಿಗೆ ಕೊಳೆಯದು, ಬೆಲೆಯೂ ಅಗ್ಗ. ಆದುದರಿಂದಲೇ ಉಕ್ಕಿನ ತೊಲೆಗಳ ಮೇಲೆ ಅದನ್ನು ಸಿಂಪಡಿಸಿದರು, ಉಗಿಕೊಳವೆಗಳಿಗೆ ಸುತ್ತಿದರು, ಸಿಮೆಂಟಿನೊಡನೆ ಬೆರೆಸಿ ತಗಡುಗಳನ್ನು ಮಾಡಿದರು. ಅದರ ಎಳೆಗಳು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ ಸೀಳುತ್ತವೆ. ಶ್ವಾಸಕೋಶ ಗಟ್ಟಿಯಾಗುವ ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಎದೆಯ ಒಳಪದರಕ್ಕೆ ಬರುವ ಮೆಸೋಥೀಲಿಯೋಮ ಎಂಬ ಗುಣಪಡಿಸಲಾಗದ ಅರ್ಬುದ, ಇವು ಅದರಿಂದ ಬರುವ ಮುಖ್ಯ ರೋಗಗಳು. ಬಿಳಿ, ಕಂದು, ನೀಲಿ ಎಂಬ ಭೇದವಿಲ್ಲದೆ ಕಲ್ನಾರಿನ ಎಲ್ಲ ಬಗೆಗಳೂ ಕ್ಯಾನ್ಸರ್‌ಕಾರಕವೆಂಬುದು ಸಿದ್ಧಪಟ್ಟಿದೆ. ಉದ್ಯೋಗದಲ್ಲಿ ಇದರ ಸಂಪರ್ಕಕ್ಕೆ ಬಂದುದರಿಂದ ಜಗತ್ತಿನಲ್ಲಿ ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಸಿಮೆಂಟಿನಲ್ಲಿ ಗಟ್ಟಿಯಾಗಿ ಬೆರೆತ ತಗಡು ಒಡೆಯದೆ, ಸವೆಯದೆ ಮಾಡಿನ ಮೇಲೆ ಇರುವಷ್ಟು ಕಾಲ ಅದರಿಂದಾಗುವ ಅಪಾಯ ಅಲ್ಪ. ಭೀತಿಯಿಂದ ಅವಸರವಾಗಿ ಕಿತ್ತೆಸೆಯುವುದೇ ಹೆಚ್ಚಿನ ಕೇಡು. ಗರಗಸ ತಾಗಿದಾಗ, ಸುತ್ತಿಗೆ ಬಿದ್ದಾಗ, ಎತ್ತರದಿಂದ ನೆಲಕ್ಕೆ ಅಪ್ಪಳಿಸಿದಾಗ ಎಳೆಗಳು ಗಾಳಿಗೆ ಸೇರುತ್ತವೆ. ಎಂದರೆ ಕಟ್ಟಡದ ಆಯುಷ್ಯದಲ್ಲಿ ಅತ್ಯಂತ ಎಚ್ಚರ ಬೇಕಾದುದು ಅದರ ಅಂತ್ಯಕಾಲದಲ್ಲಿ. ಜನರು ಅತ್ಯಂತ ಅಲಕ್ಷ್ಯದಿಂದಿರುವುದೂ ಆಗಲೇ.

ಐಶ್ವರ್ಯವಂತ ದೇಶಗಳಲ್ಲಿಯೂ ಈ ಕಾರ್ಯ ಸುಲಭವಾಗಿ ಸಾಗಲಿಲ್ಲ. ಪೂರ್ವ ಜರ್ಮನಿಯ ಸಂಸತ್ತು ಸೇರುತ್ತಿದ್ದ ಬರ್ಲಿನ್ನಿನ ಗಣರಾಜ್ಯ ಭವನವನ್ನು ಕಲ್ನಾರಿನ ಕಾರಣದಿಂದ 1990ರಲ್ಲಿ ಮುಚ್ಚಿದರು. ಅದನ್ನು ಕೆಡಹಿ ಮುಗಿಸಿದ್ದು 2008ರಲ್ಲಿ. ಪ್ಯಾರಿಸಿನ ಜ್ಯೂಸ್ಯೂ ವಿಶ್ವವಿದ್ಯಾಲಯದ ಆವರಣವನ್ನು ಆ ವರ್ಷ ಮುಗಿಯುವುದರೊಳಗೆ ವಿದ್ಯಾರ್ಥಿಗಳಿಂದ ತೆರವುಗೊಳಿಸುವುದಾಗಿ ಅಧ್ಯಕ್ಷ ಜಾಕ್ ಶಿರಾಕ್ 1996ರ ಜುಲೈ 14ರಂದು ಘೋಷಿಸಿದರು. ಕಲ್ನಾರು ತೆಗೆದು ನವೀಕರಿಸುವ ಕೆಲಸ 2016ರವರೆಗೆ ನಡೆಯಿತು. ಆದರೆ ಈ ವಿಷಯದ ಧರ್ಮಸಂಕಟವೆಲ್ಲ ಒಂದೆಡೆ ಸೇರಿದ್ದು ನ್ಯೂಯಾರ್ಕ್ ನಗರದಲ್ಲಿ.

ಅಲ್ಲಿಯ ವಿಶ್ವ ವಾಣಿಜ್ಯ ಕೇಂದ್ರದ ಉತ್ತರ ಗೋಪುರದ ಕೆಳಗಿನ ಸುಮಾರು 40 ಅಂತಸ್ತುಗಳವರೆಗೆ ಉಕ್ಕಿಗೆ ಕಲ್ನಾರನ್ನು ಸಿಂಪಡಿಸಿದ್ದರು. 1970ರಲ್ಲಿ ಅದನ್ನು ನಿಲ್ಲಿಸಿದರು. 2001ರ ಸೆಪ್ಟೆಂಬರ್ 11ರಂದು ಗೋಪುರಗಳು ಉರುಳಿದಾಗ ಅದೂ ಧೂಳಿನ ಮೋಡದಲ್ಲಿ ಸೇರಿತು. ಒಂದು ವಾರ ಕಳೆದ ಮೇಲೆ, ಸೆಪ್ಟೆಂಬರ್ 18ರಂದು, ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಮುಖ್ಯಸ್ಥೆ ಕ್ರಿಸ್ಟೀನ್ ಟಾಡ್ ವಿಟ್ಮನ್ ಅಲ್ಲಿಯ ಗಾಳಿ ಉಸಿರಾಡಲು ಸುರಕ್ಷಿತವೆಂದು ಜನರಿಗೆ ಭರವಸೆ ಕೊಟ್ಟರು. ಅಂತಹ ಭರವಸೆ ನೀಡಲು ಸಾಕಷ್ಟು ಆಧಾರ ಆಗ ಇರಲಿಲ್ಲವೆಂದು ಅದೇ ಸಂಸ್ಥೆಯ ಆಂತರಿಕ ಮಹಾಪರೀಕ್ಷಕರು 2003ರಲ್ಲಿ ವರದಿ ಮಾಡಿದರು. ನಿವಾಸಿಗಳು ದಾವೆ ಹೂಡಿದರು. ಕೆಳಗಿನ ನ್ಯಾಯಾಲಯ 2006ರಲ್ಲಿ ದಾವೆಗೆ ಅವಕಾಶ ಕೊಟ್ಟಿತು. ಮೇಲ್ಮನವಿ ನ್ಯಾಯಾಲಯ 2008ರಲ್ಲಿ ಆಕೆಯನ್ನು ವೈಯಕ್ತಿಕವಾಗಿ ಹೊಣೆ ಮಾಡಲಾಗದೆಂದು ತೀರ್ಪಿತ್ತಿತು.

ಗೋಪುರಗಳ ದಕ್ಷಿಣಕ್ಕೆ, ಲಿಬರ್ಟಿ ಬೀದಿಯ 130ನೆಯ ಸಂಖ್ಯೆಯಲ್ಲಿ, ಬ್ಯಾಂಕೊಂದರ ಸುಮಾರು 40 ಅಂತಸ್ತಿನ ಕಟ್ಟಡವಿತ್ತು. ಕುಸಿದ ಗೋಪುರದ ಅವಶೇಷಗಳು ಅದರ ಮುಖವನ್ನು ಸೀಳಿದ್ದವು. ಕಲ್ನಾರು, ಸೀಸ, ಪಾದರಸಗಳಿಂದ ಕೂಡಿದ ಧೂಳು ಅದನ್ನೆಲ್ಲ ತುಂಬಿತ್ತು. ಮಾಳಿಗೆಯ ಮೇಲೆ ಮೃತರ ಅಸ್ಥಿಯ ನೂರಾರು ಚೂರುಗಳು ವರ್ಷಗಳ ನಂತರ ದೊರೆತವು. ಕೆಳ ಮ್ಯಾನ್‌ಹಟನ್ನಿನ ಪುನರ್ನಿರ್ಮಾಣಕ್ಕೆಂದು ಸ್ಥಾಪಿತವಾದ ಸಾರ್ವಜನಿಕ ನಿಗಮವು 2004ರಲ್ಲಿ ಈ ಕಟ್ಟಡವನ್ನು ಕೊಂಡು ಕೆಡಹಿಸಲು ಹೊರಟಿತು. ಒಡೆಯ ಸರ್ಕಾರದ ನಿಗಮ. ಪರೀಕ್ಷಿಸಬೇಕಾದವರು ಸರ್ಕಾರದ ಇಲಾಖೆಗಳು. ವಿಷಮಯ ಧೂಳು ಹೊರಬೀಳದಂತೆ ಅಂತಸ್ತುಗಳನ್ನು ಮುಚ್ಚಿ, ಮೆಟ್ಟಿಲುಗಳ ದಾರಿಗೆ ಹಲಗೆ ಹೊಡೆದು, ಯಂತ್ರಗಳಿಂದ ಒಳಗಿನ ಗಾಳಿಯ ಒತ್ತಡವನ್ನು ಕಡಿಮೆ ಮಾಡಿದರು. ಸುತ್ತಣ ಜನರ ರಕ್ಷಣೆಗೆಂದು ಮಾಡಿದ ಈ ಏರ್ಪಾಡನ್ನು ತಪ್ಪೆನ್ನಲಾಗದು.

2007ರ ಆಗಸ್ಟ್ 18ರಂದು 17ನೆಯ ಅಂತಸ್ತಿನಲ್ಲಿ ಬೆಂಕಿ ಹೊತ್ತಿತು. ಕೆಲಸಗಾರನೊಬ್ಬ ಎಸೆದ ಸಿಗರೇಟು ಕಾರಣವೆಂದು ತನಿಖೆ ಮಾಡಿದವರು ನಂಬಿದರು. ಅಗ್ನಿಶಾಮಕ ದಳದವರು ಒಳನುಗ್ಗಿ ನೋಡಿದರೆ ನೀರಿಲ್ಲ. ಮೇಲಿನ ಅಂತಸ್ತುಗಳಿಗೆ ನೀರೊಯ್ಯುವ ಕೊಳವೆಯ 42 ಅಡಿಯ ಭಾಗವನ್ನು ನೆಲಮಾಳಿಗೆಯಲ್ಲಿ ಕಳಚಿ ತೆಗೆದಿದ್ದರು. ಬೆಂಕಿಗೆ ನೀರು ತಲುಪಲು ಒಂದು ತಾಸಿಗಿಂತ ಹೆಚ್ಚು ಹಿಡಿಯಿತು. ಧೂಳು ತಡೆಯಲು ಹೊಡೆದ ಹಲಗೆಗಳು ಓಡುವವರ ದಾರಿಯನ್ನು ತಡೆದವು. ಧೂಳು ಹಿಡಿದಿಡಲು ಹಾಕಿದ ಯಂತ್ರಗಳು ಹೊಗೆಯನ್ನು ಕೆಳಗೆಳೆದವು. ದಳದ ಇಬ್ಬರು ಉಸಿರುಕಟ್ಟಿ ಸತ್ತರು, ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಕೆಡಹುತ್ತಿರುವ ಕಟ್ಟಡವನ್ನು 15 ದಿನಗಳಿಗೊಮ್ಮೆ ಅಗ್ನಿಶಾಮಕ ಇಲಾಖೆ ಪರೀಕ್ಷಿಸಬೇಕೆಂಬ ನಿಯಮವಿತ್ತು. ಒಂದು ವರ್ಷಕ್ಕೂ ಮೀರಿ ಯಾರೂ ಪರೀಕ್ಷಿಸಿರಲಿಲ್ಲ. ಒಮ್ಮೆ ನೆಲಮಾಳಿಗೆಗೆ ಇಳಿದು ನೋಡಿದ್ದರೆ ಆ ಕೊಳವೆಯ ಕೊರತೆ ಯಾವ ಪಾಂಡಿತ್ಯವೂ ಇಲ್ಲದೆ ಕಣ್ಣಿಗೆ ಬೀಳುತ್ತಿತ್ತು.

ಅನಂತರ ನಡೆದುದು ಇನ್ನೂ ವಿಚಾರಾರ್ಹ. ನಗರದ ಇಲಾಖೆಗಳು ತಪ್ಪಿದ್ದು ನಿಜವೆಂದು 2008ರ ಡಿಸೆಂಬರಿನಲ್ಲಿ ಜಿಲ್ಲಾ ಅಭಿಯೋಜಕ ರಾಬರ್ಟ್ ಮಾರ್ಗೆಂಥೌ ಪ್ರಕಟಿಸಿದರು. ಆದರೆ ಸಾರ್ವಭೌಮ ವಿನಾಯಿತಿ ಎಂಬ ತತ್ತ್ವದಿಂದಾಗಿ ನಗರಾಡಳಿತದ ಮೇಲೆ ಅಪರಾಧದ ಮೊಕದ್ದಮೆ ಹೂಡಲು ಬರುವುದಿಲ್ಲವೆಂದರು. ನಗರ ಸುಧಾರಣೆಗಳಿಗೆ ಒಪ್ಪಿತು. ಆರೋಪ ಹೊತ್ತವರು ಕೆಲಸದ ಮೇಲ್ವಿಚಾರಕರಾದ ಮೂವರು ಮತ್ತು ಒಂದು ಉಪಗುತ್ತಿಗೆ ಸಂಸ್ಥೆ. 2011ರಲ್ಲಿ ಆ ಮೂವರೂ ಬಿಡುಗಡೆಯಾದರು. ಸಂಸ್ಥೆಗೆ ಮಾತ್ರ ಒಂದು ಲಘು ಅಪರಾಧದ ದೋಷ ಅಂಟಿತು. ಅದೇ ವರ್ಷದ ಆರಂಭದಲ್ಲಿ ಕೆಡಹುವ ಕೆಲಸವೂ ಮುಗಿದಿತ್ತು.

ಸಾರ್ವಭೌಮ ವಿನಾಯಿತಿಯು ಅರಸನು ತಪ್ಪು ಮಾಡಲಾರನೆಂಬ ಹಳೆಯ ಭಾವನೆಯ ಸಂತಾನ. ಅದಕ್ಕೂ ತನ್ನದೇ ಆದ ಸಮರ್ಥನೆಯಿದೆ: ಸರ್ಕಾರಕ್ಕೆ ದಂಡ ವಿಧಿಸಿದರೆ ತೆರುವವರು ಪ್ರಜೆಗಳೇ ಅಲ್ಲವೆ, ಪ್ರತಿಯೊಂದು ತೀರ್ಮಾನಕ್ಕೂ ದಾವೆಯ ಭಯವಿದ್ದರೆ ಅಧಿಕಾರಿ ಕೈಕಟ್ಟಿ ಕುಳಿತುಕೊಳ್ಳುವುದಿಲ್ಲವೆ ಎಂದು. ಈ ವಾದದಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಕಲ್ನಾರಿನ ವಿಷಯದಲ್ಲಿ ಅದು ತಲೆಕೆಳಗಾಗುತ್ತದೆ. ವ್ಯಾಪಾರಿಗಳಿಗೆ ಪರಿಚಿತವಾದ ಮಾತಿನಲ್ಲಿ ಹೇಳುವುದಾದರೆ ಕಲ್ನಾರಿನ ಧೂಳು ನಲವತ್ತು ವರ್ಷದ ವಾಯಿದೆಯ ಹುಂಡಿ. ಅದು ಪಾವತಿಗೆ ಬರುವ ದಿನ ಬರೆದುಕೊಟ್ಟವನು ಅಂಗಡಿಯಲ್ಲಿ ಇರುವುದಿಲ್ಲ. ಮನುಷ್ಯ ಸಾಯುತ್ತಾನೆ, ಕಂಪನಿ ದಿವಾಳಿಯೆದ್ದು ಹೋಗುತ್ತದೆ. ಹಾಗೆ ಕರಗಿಹೋಗದೆ ನಿಲ್ಲುವ ಪಕ್ಷ ರಾಜ್ಯವೊಂದೇ. ಕುರ್ಚಿಯಲ್ಲಿ ಕುಳಿತವರು ಬದಲಾದರೂ ಕುರ್ಚಿ ಇರುತ್ತದೆ, ಕಡತವೂ ಇರಬೇಕು. ಅಷ್ಟು ದೀರ್ಘವಾದ ಋಣವನ್ನು ಹೊರಬಲ್ಲ ಏಕೈಕ ಪಕ್ಷಕ್ಕೇ ವಿನಾಯಿತಿ ಕೊಟ್ಟರೆ ಆ ಋಣ ರೋಗಿಯ ಮೇಲೆಯೇ ಬೀಳುತ್ತದೆ.

ಫ್ರಾನ್ಸ್ ದೇಶದ ಅತ್ಯುನ್ನತ ಆಡಳಿತ ನ್ಯಾಯಾಲಯವು 2004ರ ಮಾರ್ಚ್ 3ರಂದು ಇದನ್ನು ಒಪ್ಪಿಕೊಂಡಿತು. ಕಲ್ನಾರಿನ ಕೆಲಸದಿಂದ ಸತ್ತವರ ಕುಟುಂಬಗಳು ತಂದ ಪ್ರಕರಣಗಳಲ್ಲಿ, ಅಪಾಯ ತಿಳಿದಿದ್ದೂ ಅದನ್ನು ಅಳೆಯುವುದಕ್ಕಾಗಲಿ ತಡೆಯುವುದಕ್ಕಾಗಲಿ ತಕ್ಕ ಕ್ರಮ ಕೈಗೊಳ್ಳದೆ ಇದ್ದುದು ರಾಜ್ಯದ ದೋಷವೆಂದು ತೀರ್ಪಿತ್ತಿತು. ಮಾಲೀಕನ ತಪ್ಪು ರಾಜ್ಯದ ತಪ್ಪನ್ನು ಅಳಿಸಲಿಲ್ಲ. ಅದೇ ನ್ಯಾಯಾಲಯ 2006ರ ಫೆಬ್ರವರಿ 15ರಂದು ಮತ್ತೊಂದು ಆಜ್ಞೆ ಮಾಡಿತು. ಫ್ರೆಂಚ್ ನೌಕಾದಳದ ಕ್ಲೆಮಾನ್ಸೋ ಎಂಬ ಹಳೆಯ ವಿಮಾನವಾಹಕ ಹಡಗನ್ನು, ಒಡಲ ತುಂಬ ಕಲ್ನಾರನ್ನು ಇಟ್ಟುಕೊಂಡೇ, ಒಡೆಯುವುದಕ್ಕಾಗಿ ಗುಜರಾತಿನ ಅಲಂಗ್ ತೀರಕ್ಕೆ ಕಳುಹಿಸಿದ್ದರು. ಆ ರವಾನೆಯನ್ನು ನ್ಯಾಯಾಲಯ ತಡೆಹಿಡಿಯಿತು. ಅದೇ ದಿನ ಅಧ್ಯಕ್ಷ ಶಿರಾಕ್ ಹಡಗನ್ನು ಹಿಂದಕ್ಕೆ ಕರೆಸಿಕೊಂಡರು. ಮುಂದೆ ಅದನ್ನು ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಒಡೆದರು. ಸರ್ಕಾರವೊಂದು ತನ್ನ ಸ್ವಂತ ಸ್ವತ್ತನ್ನು ಕೆಡಹುವ ಕಷ್ಟವನ್ನು ಪರದೇಶದ ಬಡವರ ಉಸಿರಿಗೆ ವರ್ಗಾಯಿಸಲು ಹೊರಟದ್ದು ಅಲ್ಲಿಯೇ ನಿಂತಿತು.

ಹಿಂಸೆಯೆಂದರೆ ಕೊಲ್ಲುವ ಸಂಕಲ್ಪವೊಂದೇ ಅಲ್ಲ, ಪ್ರಮಾದದಿಂದ ಪ್ರಾಣಕ್ಕೆ ಎರವಾಗುವುದೂ ಹಿಂಸೆ ಎಂಬುದು ಈ ಪತ್ರಿಕೆಯ ವಾಚಕರಿಗೆ ಹೊಸದಲ್ಲ. ಮಾಡಿದವನು, ಮಾಡಿಸಿದವನು, ಅನುಮೋದಿಸಿದವನು ಮೂವರೂ ಕರ್ತೃಗಳೆಂದೂ ಶ್ರಾವಕರು ಬಲ್ಲರು. ಆಧುನಿಕ ಆಡಳಿತದ ಚಾತುರ್ಯವೆಲ್ಲ ಈ ಮೂವರನ್ನು ಬೇರೆಬೇರೆ ಕೊಠಡಿಗಳಲ್ಲಿ ಕೂರಿಸುವುದರಲ್ಲಿದೆ. ಲಿಬರ್ಟಿ ಬೀದಿಯಲ್ಲಿ ಕೊಳವೆ ಕಳಚಿದವನಿಗೆ ಅದು ಏನೆಂದು ತಿಳಿದಿತ್ತೋ ಇಲ್ಲವೋ. ಪರೀಕ್ಷೆಗೆ ಬರಬೇಕಾದ ಇಲಾಖೆಗೆ ನಿಯಮವಂತೂ ತಿಳಿದಿತ್ತು. ಒಬ್ಬನ ಅಜ್ಞಾನಕ್ಕೂ ಮತ್ತೊಬ್ಬರ ಅಲಕ್ಷ್ಯಕ್ಕೂ ಒಂದೇ ತೂಕವಲ್ಲ. ತಿಳಿದವನ ಪ್ರಮಾದವೇ ಭಾರವಾದುದು. ಕಲ್ನಾರಿನ ವಿಷಯದಲ್ಲಿ ತಿಳಿವಳಿಕೆಯೆಲ್ಲ ಸರ್ಕಾರದ ಕೈಯಲ್ಲಿಯೇ ಇರುತ್ತದೆ. ಇಂಗ್ಲೆಂಡಿನ ಸರ್ಕಾರಿ ಪರೀಕ್ಷಕರು ಇದರ ಹಾನಿಯನ್ನು ವರದಿ ಮಾಡಿದ್ದು 1930ರಷ್ಟು ಹಿಂದೆ.

ಭಾರತದ ಸ್ಥಿತಿಯಲ್ಲಿ ಒಂದು ವಿಶೇಷವಿದೆ. ಪಶ್ಚಿಮದಲ್ಲಿ ಕಟ್ಟಡ ಕೆಡಹುವುದಕ್ಕೆ ಒಡೆಯನು ಹಣ ತೆರುತ್ತಾನೆ. ಇಲ್ಲಿ ಅನೇಕ ವೇಳೆ ಕೆಡಹುವವನೇ ಒಡೆಯನಿಗೆ ಹಣ ಕೊಡುತ್ತಾನೆ. ತೇಗದ ತೊಲೆ, ಕಲ್ಲಿನ ಕಂಬ, ಕಬ್ಬಿಣ, ಬಾಗಿಲು ಕಿಟಕಿಗಳ ಮಾರಾಟದಿಂದ ಅವನಿಗೆ ಲಾಭ. ಹರಾಜಿನಲ್ಲಿ ಹೆಚ್ಚು ಕೂಗಿದವನಿಗೆ ಕೆಲಸ. ಲೆಕ್ಕದ ಪುಸ್ತಕದಲ್ಲಿ ಕೆಡಹುವಿಕೆ ಜಮೆಯ ಬಾಬ್ತಾಗಿ ಬರುವುದರಿಂದ ಅದಕ್ಕೆ ಖರ್ಚಿನ ಕಲಮು ಇರಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಕೆಡಹುವ ಮೊದಲು ಕಲ್ನಾರು ಎಲ್ಲಿದೆಯೆಂದು ಬಲ್ಲವರಿಂದ ಗುರುತು ಮಾಡಿಸುವುದು, ನೀರಿನಿಂದ ತೋಯಿಸಿ ತಗಡುಗಳನ್ನು ಇಡಿಯಾಗಿ ಇಳಿಸುವುದು, ತಕ್ಕ ಮುಖಕವಚ, ಇಮ್ಮಡಿ ಚೀಲಗಳಲ್ಲಿ ಕಟ್ಟಿ ಅಪಾಯಕರ ತ್ಯಾಜ್ಯದ ನೆಲೆಗೆ ಸಾಗಿಸುವುದು, ಇವುಗಳಿಗೆಲ್ಲ ಹಣ ಬೇಕು. ದರಪಟ್ಟಿಯಲ್ಲಿ ಅದು ಕಾಣದಿದ್ದರೆ ಆ ಖರ್ಚು ಇಲ್ಲವಾಯಿತೆಂದಲ್ಲ. ಇಟ್ಟಿಗೆ ಚೂರನ್ನು ತಲೆಯ ಮೇಲೆ ಹೊರುವ ಹೆಂಗಸಿನ ಹೆಸರಿಗೆ ಅದನ್ನು ಖರ್ಚು ಬರೆದಂತಾಯಿತು. ಅತಿ ಲಾಭದ ಟೆಂಡರು ಕೈಗೆ ಬಂದಾಗ ಅದರಲ್ಲಿ ಏನು ಬಿಟ್ಟುಹೋಗಿದೆಯೆಂದು ಕೇಳುವುದು ವಣಿಕರಿಗೆ ಹುಟ್ಟುಗುಣ. ಸಾರ್ವಜನಿಕ ಕಾಮಗಾರಿಯಲ್ಲಿ ಆ ಗುಣ ಏಕೋ ಮಾಯವಾಗುತ್ತದೆ.

ಕಾನೂನು ಇಲ್ಲವೆಂದಲ್ಲ. ಕಲ್ನಾರಿನ ಗಣಿಗಾರಿಕೆಗೆ ಹೊಸ ಗುತ್ತಿಗೆ ಕೊಡುವುದನ್ನು ಕೇಂದ್ರ ಸರ್ಕಾರ 1986ರಲ್ಲಿಯೇ ನಿಲ್ಲಿಸಿತು. ಆದರೂ ಬಿಳಿ ಕಲ್ನಾರಿನ ಆಮದು ಮುಂದುವರಿದು ತಗಡುಗಳ ತಯಾರಿಕೆ ನಡೆದೇ ಇದೆ. ಅಪಾಯಕರ ವಸ್ತುಗಳ ವ್ಯಾಪಾರ ಕುರಿತ ರಾಟರ್‌ಡ್ಯಾಮ್ ಒಪ್ಪಂದದ ಪಟ್ಟಿಗೆ ಅದನ್ನು ಸೇರಿಸುವುದನ್ನು ಭಾರತ 2013ರ ಸಭೆಯಲ್ಲಿ ವಿರೋಧಿಸಿತು. ಬಡವರಿಗೆ ಅಗ್ಗದ ಮಾಡು ಬೇಕೆಂಬ ಸಮರ್ಥನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಆ ಮಾಡು ಹಳತಾದ ದಿನ ಕಿತ್ತು ಹಾಕುವವರೂ ಬಡವರೇ ಎಂಬುದು ಆ ವಾದದಲ್ಲಿ ಎಲ್ಲಿಯೂ ಬರುವುದಿಲ್ಲ. ನಿರ್ಮಾಣ ಮತ್ತು ಕೆಡಹುವಿಕೆಯ ತ್ಯಾಜ್ಯಕ್ಕೂ ಅಪಾಯಕರ ತ್ಯಾಜ್ಯಕ್ಕೂ 2016ರಲ್ಲಿ ನಿಯಮಗಳಾದವು. ಶಾಲೆ, ಸಂತೆಕಟ್ಟೆ, ಹಳೆಯ ಕಚೇರಿಗಳನ್ನು ಕೆಡಹುವಲ್ಲಿ ಅವು ಎಷ್ಟು ಪಾಲನೆಯಾಗುತ್ತವೆಂಬುದನ್ನು ರಸ್ತೆಯ ಬದಿಯಲ್ಲಿ ಬಿದ್ದಿರುವ ತಗಡಿನ ಚೂರುಗಳೇ ಹೇಳುತ್ತವೆ.

ದೇವಾಲಯಗಳ ವಿಶ್ವಸ್ಥ ಮಂಡಳಿಗಳೂ ಈ ದೃಷ್ಟಿಯಿಂದ ಚಿಕ್ಕ ಸರ್ಕಾರಗಳೇ. ಧರ್ಮಶಾಲೆ, ವಿದ್ಯಾರ್ಥಿನಿಲಯ, ಪಾಕಶಾಲೆಗಳ ಮೇಲೆ ಎಷ್ಟೋ ಕಡೆ ಹಳೆಯ ಕಲ್ನಾರಿನ ತಗಡುಗಳಿವೆ. ಜೀರ್ಣೋದ್ಧಾರದ ಅಂದಾಜುಪಟ್ಟಿಯಲ್ಲಿ ಅಮೃತಶಿಲೆಗೆ ಒಂದು ಕಲಮಿರುವಂತೆ ಹಳೆಯ ಮಾಡನ್ನು ಇಳಿಸುವುದಕ್ಕೂ ಒಂದು ಕಲಮನ್ನು ತೆರೆಯುವುದು ಮಂಡಳಿಗಳಿಗೆ ಅಸಾಧ್ಯವೇನಲ್ಲ. ಇಳಿಸಿದ ತಗಡುಗಳನ್ನು ದನದ ಕೊಟ್ಟಿಗೆಗಾದೀತೆಂದು ದಾನ ಮಾಡುವ ಪದ್ಧತಿಯನ್ನಂತೂ ನಿಲ್ಲಿಸಬೇಕು. ದಾನವೆಂಬ ಹೆಸರಿನಲ್ಲಿ ಕೊಟ್ಟರೂ ವಸ್ತುವಿನ ಗುಣ ಬದಲಾಗುವುದಿಲ್ಲ.

ಸರ್ವೋಚ್ಚ ನ್ಯಾಯಾಲಯವು 1995ರ ಜನವರಿ 27ರ ತೀರ್ಪಿನಲ್ಲಿ ಕಲ್ನಾರಿನ ಕಾರ್ಖಾನೆಗಳಿಗೆ ಒಂದು ಆದೇಶ ಮಾಡಿತು: ಪ್ರತಿಯೊಬ್ಬ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಅವನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಇವುಗಳಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಕಾದಿಡಬೇಕು. ರೋಗದ ವಾಯಿದೆಗೆ ಸರಿಯಾದ ವಾಯಿದೆಯ ಲೆಕ್ಕಪುಸ್ತಕವದು. ಆದರೆ ಅದು ಕಾರ್ಖಾನೆಯ ಗೋಡೆಯೊಳಗಿನವರಿಗೆ. ಅದೇ ತಗಡನ್ನು ಸರ್ಕಾರಿ ಕಟ್ಟಡದ ಮೇಲಿನಿಂದ ಒಡೆದು ಕೆಳಕ್ಕೆಸೆಯುವ ದಿನಗೂಲಿಯವನ ಹೆಸರು ಮೇಸ್ತ್ರಿಯ ಕಿರುಪುಸ್ತಕದಲ್ಲಿ ಇರುತ್ತದೆ, ಅದೂ ಶನಿವಾರದ ಬಟವಾಡೆಯವರೆಗೆ.